ಬರುವುದನ್ನು ಬಾರದು ಎಂದ ಪ್ರೊಸೆಸರ್

“ಮೇಡಂರೀ, ಸೊಸಿಜೋಳ ಗುಂಪು ಬಿಟ್ಟು ಹೋಗೇತ್ರಿ.”

ಗುರುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಬಂದ ಫೋನು ಅದು. ಬೈರಿದೇವರಕೊಪ್ಪದ ಮನೆಯ ಟೆರೇಸಿನ ಮೇಲೆ ನಾನು ಒಗೆದ ಬಟ್ಟೆ ಹರವುತ್ತಿದ್ದೆ. ಕೈಯಲ್ಲಿದ್ದ ಒದ್ದೆ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು, “ಎಲ್ಲಿಗೆ ಹೋಗೇತಿ?” ಎಂದೆ.

“ನಾಲ್ಕನೇ ಗುಂಪಿನ್ಯಾಗ ಇದ್ದದ್ದು ಮೂರನೇದಕ್ಕ ಹೋಗೇತ್ರಿ. ಸಾದಾ ಜೋಳದ ಜೋಡಿ ಕುಂತೇತ್ರಿ. ಮೂರು ಸಲ ರನ್ ಮಾಡಿದ್ನಿರಿ. ಮೂರೂ ಸಲ ಹಂಗ.”

ಫೋನು ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ನಲವತ್ತಾರರ ಹೆಂಗಸು, ಧಾರವಾಡದ ಒಂದು ಕಾಲೇಜಿನಲ್ಲಿ ಪಾರ್ಟ್‌ಟೈಮ್ ಪಾಠ ಹೇಳುತ್ತಾಳೆ. ಒಂಬತ್ತು ವರ್ಷಗಳಿಂದ ಜವಾರಿ ಬಿಳಿಜೋಳದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಊರೂರು ತಿರುಗಿ ಕಾಳು ತಂದು, ಕಾಳಿನ ತೂಕ, ಹಿಟ್ಟು ಹಿಡಿಯುವ ನೀರು, ನಾದಿದ ಮೇಲಿನ ಜಿಗುಟು, ಬಡಿಯುವಾಗ ರೊಟ್ಟಿ ಹರಿಯುವ ಬಗೆ, ಎಲ್ಲವನ್ನೂ ಅಳೆದು, ಯಾವ ತಳಿ ಯಾವುದರ ನೆಂಟ ಎಂದು ಕಂಪ್ಯೂಟರಿನಿಂದ ಗುಂಪು ಮಾಡಿಸಿದ್ದಳು. ಒಂದು ಊರಿನ ಹೆಣ್ಣುಮಕ್ಕಳು ಒಂದು ಜೋಳವನ್ನು ಸೊಸಿಜೋಳ ಎನ್ನುತ್ತಾರೆ. ನಿನ್ನೆ ಮೊನ್ನೆ ಬಂದ ಸೊಸೆ ಬಡಿದರೂ ಅದರ ರೊಟ್ಟಿ ಹರಿಯುವುದಿಲ್ಲವಂತೆ. ಓದಿದವರೆಲ್ಲ ಅದೂ ಸಾದಾ ಜೋಳವೇ ಎಂದು ತಳ್ಳಿಹಾಕಿದ್ದರು. ಅಲ್ಲ, ಹೆಣ್ಣುಮಕ್ಕಳ ಮಾತು ಖರೆ, ಅದು ಬೇರೆಯೇ ಗುಂಪು ಎಂಬುದು ಈಕೆಯ ಕೊನೆಯ ಚಾಪ್ಟರ್. ಥೀಸಿಸ್ ನಿಂತದ್ದೇ ಅದರ ಮೇಲೆ.

ಸೋಮವಾರ ಹನ್ನೊಂದಕ್ಕೆ ವೈವಾ. ಹೊರಗಿನಿಂದ ಬರುವ ಎಕ್ಸಾಮಿನರ್ ಮೈಸೂರು ಕಡೆಯವರು. ಆ ಗುಂಪುಗಳ ಟೇಬಲ್ ಕೊಟ್ಟ ಪ್ರೋಗ್ರಾಮನ್ನೇ, ಅದೇ ಡೇಟಾ ಹಾಕಿ, ತಮ್ಮ ಕಣ್ಣೆದುರು ಓಡಿಸಿ ತೋರಿಸಬೇಕೆಂದು ಈಮೇಲ್ ಬರೆದಿದ್ದರು. ಟೇಬಲ್ ಮತ್ತೆ ಬಾರದಿದ್ದರೆ ಅವರು ವಿರುದ್ಧ ಬರೆಯುತ್ತಾರೆ. ರಿಜಿಸ್ಟ್ರೇಶನ್ನಿನ ಕೊನೆಯ ಎಕ್ಸ್‌ಟೆನ್ಶನ್ ಆ ತಿಂಗಳಿಗೆ ಮುಗಿಯುತ್ತಿತ್ತು. ಮುಗಿದರೆ ಒಂಬತ್ತು ವರ್ಷವೂ ಮುಗಿಯಿತು.

ಟೇಬಲ್ ಹುಟ್ಟಿದ ಹಳೆಯ ಕಂಪ್ಯೂಟರ್ ಹಿಂದಿನ ಮಳೆಗಾಲದಲ್ಲಿ ಸುಟ್ಟುಹೋಗಿತ್ತು. ಡಿಪಾರ್ಟ್‌ಮೆಂಟಿಗೆ ಹೊಸ ಮಷೀನು ಬಂದಿತ್ತು. ಪ್ರೋಗ್ರಾಮು ಮಾತ್ರ ಹಳೆಯದೇ. ಅದನ್ನು ಬರೆದವಳು ನಾನು.

ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಧಾರವಾಡದ ಬಸ್ಸು ಹತ್ತಿದೆ. ರಾಯಾಪುರ ದಾಟುವವರೆಗೂ ಮನಸ್ಸಿನಲ್ಲಿ ಒಂದೇ ಮಾತು: ಎಲ್ಲಿ ತಪ್ಪಿದೆ ನಾನು? ರಿಟೈರ್ ಆಗುವ ಮುಂಚಿನ ವರ್ಷ, ಡಿಪಾರ್ಟ್‌ಮೆಂಟಿನ ಅದೇ ಮೂಲೆಯಲ್ಲಿ ಕುಳಿತು, ದಿನಾ ಮಧ್ಯಾಹ್ನ ಡಬ್ಬಿ ಬಿಚ್ಚುವುದನ್ನೂ ಮರೆತು ಅದನ್ನು ಬರೆದಿದ್ದೆ. ಕಡೆಯ ಕೂಸು ಎಂಬ ಅಕ್ಕರೆ ನನಗೆ ಅದರ ಮೇಲೆ.

ಡಿಪಾರ್ಟ್‌ಮೆಂಟಿನಲ್ಲಿ ಆಕೆಯ ಗೈಡ್ ಕಿಟಕಿಯ ಹತ್ತಿರ ನಿಂತಿದ್ದರು. ಒಳ್ಳೆಯ ಮನುಷ್ಯ, ತಂಟೆ ತಕರಾರು ಆಗದವರು.

“ಬರ್ರಿ ಮೇಡಂರ. ಇಷ್ಟಕ್ಕ ಯಾಕ ಹೆದರ್ತೀರಿ? ಹಳೇ ಪ್ರಿಂಟೌಟ್ ಐತೆಲ್ಲರಿ, ಅದನ್ನ ಮುಂದ ಇಟ್ರಾತು.”

“ಅವರು ಓಡಿಸಿ ತೋರಿಸ್ರಿ ಅಂದಾರ,” ಎಂದೆ.

“ಅಂತಾರ್ರಿ. ಮುಂಜಾನೆ ಮಿರ್ಚಿ ಗಿರ್ಮಿಟ್ ಹೊಟ್ಟಿಗೆ ಬಿದ್ದಮ್ಯಾಲ ಯಾರು ಓಡ್ಸು ಅಂತಾರ?”

ಆಕೆ ನಗಲಿಲ್ಲ. ಎರಡು ಹಾಳೆಗಳನ್ನು ನನ್ನ ಮುಂದೆ ಹಿಡಿದಳು, ಹಳೆಯದು ಮತ್ತು ಹೊಸದು. ಸಂಜೆಯವರೆಗೆ ಇಬ್ಬರೂ ಕುಳಿತು ನಡುವಿನ ಲೆಕ್ಕಗಳನ್ನು ಅಂಕಿ ಅಂಕಿಗೆ ತಾಳೆ ನೋಡಿದೆವು. ಮೊದಲ ವ್ಯತ್ಯಾಸ ಎಲ್ಲೋ ದಶಾಂಶದ ಹದಿನೈದನೆಯ ಸ್ಥಾನದಲ್ಲಿತ್ತು. ಅಲ್ಲಿಂದ ಅದು ಬೆಳೆಯುತ್ತ ಹೋಗಿ, ಮೂರು ಮತ್ತು ನಾಲ್ಕನೆಯ ಗುಂಪಿನ ನಟ್ಟನಡುವೆ ನಿಂತಿದ್ದ ಸೊಸಿಜೋಳವನ್ನು ಆ ಕಡೆಯಿಂದ ಈ ಕಡೆಗೆ ನೂಕಿತ್ತು.

ಆಗ ಕಾರಣ ಹೊಳೆಯಿತು. ನನ್ನ ಪ್ರೋಗ್ರಾಮಿನೊಳಗೆ ಗಣಿತದ ಒಂದು ರೆಡಿಮೇಡ್ ಲೈಬ್ರರಿಯನ್ನು ಸೇರಿಸಿದ್ದೆ. ಅದು ಎದ್ದ ಕೂಡಲೇ ಪ್ರೊಸೆಸರನ್ನು ಒಂದು ಪ್ರಶ್ನೆ ಕೇಳುತ್ತದೆ: ನಿನಗೆ ಏನೇನು ಬರುತ್ತದೆ? ಬಂದ ಉತ್ತರ ನೋಡಿ ಲೆಕ್ಕದ ದಾರಿ ಆರಿಸಿಕೊಳ್ಳುತ್ತದೆ. ಹಳೆಯ ಪ್ರೊಸೆಸರ್ ಗುಣಿಸಿ, ರೌಂಡ್ ಆಫ್ ಮಾಡಿ, ಆಮೇಲೆ ಕೂಡಿಸಿ, ಮತ್ತೆ ರೌಂಡ್ ಆಫ್ ಮಾಡುತ್ತಿತ್ತು. ಹೊಸದು ಗುಣಾಕಾರ, ಕೂಡುವುದು ಎರಡನ್ನೂ ಒಂದೇ ಉಸಿರಿಗೆ ಮುಗಿಸಿ ಒಂದೇ ಸಲ ರೌಂಡ್ ಆಫ್ ಮಾಡುತ್ತದೆ. ಹೊಸದೇ ಹೆಚ್ಚು ಕರೆಕ್ಟ್. ಆದರೆ ನಮಗೆ ಬೇಕಾದದ್ದು ಹಳೆಯ ಟೇಬಲ್.

“ಲೈಬ್ರರಿ ಬದಲಿ ಮಾಡಿದ್ರ ಆಗಂಗಿಲ್ಲೇನ್ರಿ?” ಎಂದಳು ಆಕೆ.

“ಅದೇ ಪ್ರೋಗ್ರಾಮು ಬೇಕು ಅಂದಾರ. ಬದಲಿ ಮಾಡಿದ್ರ ಅದು ಬ್ಯಾರೇ ಪ್ರೋಗ್ರಾಮು ಆತು.”

ಶುಕ್ರವಾರ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ದಡ್ಡತನದ್ದು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅಂದರೆ ಕರ್ನೆಲ್, ಮಷೀನು ಎದ್ದೇಳುವಾಗಲೇ ಒಂದೇ ಉಸಿರಿನ ಆ ಹೊಸ ವಿದ್ಯೆಯನ್ನು ತನ್ನ ಪಟ್ಟಿಯಿಂದ ತೆಗೆದುಹಾಕಲಿ ಎಂದು ಆಜ್ಞೆ ಬರೆದು, ಮಷೀನನ್ನು ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಅದು ಎಲ್ಲರೂ ಬಳಸುವ ಮಷೀನು ಎಂಬುದು ತಲೆಗೇ ಬರಲಿಲ್ಲ. ಪಕ್ಕದ ಮಣ್ಣಿನ ವಿಭಾಗದ ಲೆಕ್ಚರರ್ ಬಾಗಿಲಲ್ಲಿ ಬಂದು ನಿಂತಳು.

“ಮೇಡಂರ, ನನ್ನ ಲೆಕ್ಕ ಎರಡು ದಿನದಿಂದ ನಡದಿತ್ರಿ. ಯಾರು ಬಂದ್ ಮಾಡಿದ್ರಿ?”

“ನಾನವಾ. ಸಾರಿ. ರಿಯಲೀ ಸಾರಿ.”

“ನೀವು ಮಾಡಿದ್ರ ಏನನ್ನಬೇಕ್ರಿ ನಾ,” ಎಂದು ಹೊರಟುಹೋದಳು. ಬೈದಿದ್ದರೆ ಹಗುರಾಗುತ್ತಿತ್ತು.

ಇಷ್ಟು ಮಾಡಿಯೂ ಉಪಯೋಗವಾಗಲಿಲ್ಲ. ಕರ್ನೆಲ್ ತನ್ನ ಪಟ್ಟಿಯಿಂದ ತೆಗೆದರೇನು, ನನ್ನ ಪ್ರೋಗ್ರಾಮು ಕರ್ನೆಲ್ಲನ್ನು ಕೇಳುವುದೇ ಇಲ್ಲ. ನೇರವಾಗಿ ಪ್ರೊಸೆಸರನ್ನೇ ಕೇಳುತ್ತದೆ, ಪ್ರೊಸೆಸರ್ ಇದ್ದದ್ದು ಇದ್ದಂತೆ ಹೇಳಿಬಿಡುತ್ತದೆ. ಸೊಸಿಜೋಳ ಮೂರನೆಯ ಗುಂಪಿನಲ್ಲೇ ಕೂತಿತ್ತು.

ಮಧ್ಯಾಹ್ನ ಕರ್ನೆಲ್ಲಿನ ಮ್ಯಾನುಯಲ್ ತಿರುವುತ್ತಿದ್ದಾಗ ನಮಗೆ ಬೇಕಾದದ್ದು ಸಿಕ್ಕಿತು. ಒಂದೇ ಒಂದು ಪ್ರೋಗ್ರಾಮಿಗೆ ಮಾತ್ರ ಆ ಪ್ರಶ್ನೆ ಕೇಳುವ ಹಕ್ಕನ್ನು ಕಿತ್ತುಕೊಳ್ಳಬಹುದು. ಉಳಿದವರ ಪ್ರೋಗ್ರಾಮುಗಳು ಎಂದಿನಂತೆ ಇರುತ್ತವೆ. ಈ ಒಂದು ಮಾತ್ರ ಪ್ರಶ್ನೆ ಕೇಳಿದ ಕೂಡಲೇ ತಡೆದು ನಿಲ್ಲುತ್ತದೆ. ಆಗ ಕಾವಲಿಗೆ ಕೂತ ಇನ್ನೊಂದು ಪ್ರೋಗ್ರಾಮು ನಡುವೆ ಬಂದು, ಪ್ರೊಸೆಸರಿನ ಪರವಾಗಿ ತಾನು ಉತ್ತರ ಕೊಡಬಹುದು. ಆ ಕಾವಲಿನದನ್ನು ನಾನು ಬರೆಯಬೇಕು. ಹೊಸ ಮಷೀನಿಗೆ ಈ ಸೌಲಭ್ಯ ಇತ್ತು. ಮನೆಯಲ್ಲಿನ ನನ್ನ ಮುದಿ ಲ್ಯಾಪ್‌ಟಾಪಿಗೆ ಇರಲಿಲ್ಲ, ಹೀಗಾಗಿ ಪ್ರಯೋಗವೆಲ್ಲ ಡಿಪಾರ್ಟ್‌ಮೆಂಟಿನಲ್ಲಿಯೇ ಆಗಬೇಕಿತ್ತು.

ಇದನ್ನು ಆಕೆಗೆ ಬಿಡಿಸಿ ಹೇಳಿದಾಗ ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

“ಇದು ಕನ್ಯಾ ನೋಡಾಕ ಬಂದಾಗ ಆಗೋದಲ್ರಿ! ಹುಡುಗಿಗೆ ಅಡಗಿ ಬರತೈತೇನು ಅಂತ ಅವರು ಕೇಳೂದರೊಳಗ ನಮ್ಮ ಚಿಗವ್ವ ಬಾಯಿ ಹಾಕಿ ‘ಎಲ್ಲಾ ಬರತೈತ್ರಿ’ ಅಂದಿದ್ಲು. ನನಗ ಚಾ ಸೋಸಾಕೂ ಬರ್ತಿದ್ದಿಲ್ಲ.”

“ಇಲ್ಲಿ ಉಲ್ಟಾ,” ಎಂದೆ. “ಬರೋದನ್ನ ಬರಂಗಿಲ್ಲ ಅಂತ ಹೇಳಬೇಕು.”

“ಹಂಗಾರ ನಮ್ಮ ಚಿಗವ್ವನಿಂದ ಆಗಂಗಿಲ್ಲ ಬಿಡ್ರಿ. ಅಕಿ ಇಲ್ಲ ಅಂದದ್ದು ಯಾರೂ ಕೇಳಿಲ್ಲ.”

ಶನಿವಾರ ಇಡೀ ದಿನ ಹೋಯಿತು. ನನ್ನ ಕಾವಲಿನ ಪ್ರೋಗ್ರಾಮು ಮೊದಲು ನಿರ್ಬಂಧ ಹಾಕುತ್ತಿತ್ತು, ಆಮೇಲೆ ಜೋಳದ ಪ್ರೋಗ್ರಾಮನ್ನು ಎಬ್ಬಿಸುತ್ತಿತ್ತು. ನಿರ್ಬಂಧ ಹಾಕಿದ್ದಕ್ಕೆ ಕರ್ನೆಲ್ ಹೂಂ ಎನ್ನುತ್ತಿತ್ತು. ಆದರೂ ಜೋಳದ ಪ್ರೋಗ್ರಾಮು ಸಲೀಸಾಗಿ ಪ್ರಶ್ನೆ ಕೇಳಿ, ಸಲೀಸಾಗಿ ಉತ್ತರ ಪಡೆದು, ಹೊಸ ದಾರಿಯನ್ನೇ ಹಿಡಿಯುತ್ತಿತ್ತು. ಹತ್ತು ಸಲ, ಇಪ್ಪತ್ತು ಸಲ. ಪ್ರತಿ ಸಲವೂ ಆಕೆ ಸ್ಕ್ರೀನು ನೋಡದೆ ನನ್ನ ಮುಖ ನೋಡುತ್ತಿದ್ದಳು. ಐದಕ್ಕೆ ಗೈಡ್ ಬಾಗಿಲು ಹಾಕಿಕೊಳ್ಳಲು ಬಂದರು.

“ನಾಳೆ ಐತಾರ್ರಿ, ಬಿಲ್ಡಿಂಗ್ ಬಂದ್. ಆಗದಿದ್ರ ಬಿಟ್ಟುಬಿಡ್ರಿ ಮೇಡಂರ, ಹಣೇಬರಹ ಇದ್ದಂಗ ಆಗತೈತಿ.”

ಆಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಗೇಟಿನ ಹತ್ತಿರ, “ಒಂದು ಹೇಳ್ಲೇನ್ರಿ? ನಾಪಾಸಾದ್ರ ನನ್ನ ಮನ್ಯಾಗ ಯಾರೂ ಬೈಯಂಗಿಲ್ರಿ. ‘ಇನ್ನರ ಸುಮ್ನ ಮನ್ಯಾಗಿರು’ ಅಂತಾರ. ಅದ ನನಗ ತಡಕೊಳ್ಳಾಕ ಆಗಂಗಿಲ್ಲ,” ಎಂದಳು.

ರವಿವಾರ ಚರ್ಚಿಗೆ ಹೋದೆ. ಪಾಸ್ಟರರ ಸರ್ಮನ್ ಒಂದಕ್ಷರ ಕಿವಿಗೆ ಬೀಳಲಿಲ್ಲ, ಗಾಡ್ ಫರ್ಗಿವ್ ಮಿ. ಪ್ರಿಂಟ್ ಮಾಡಿಕೊಂಡ ಮ್ಯಾನುಯಲ್ ಹಾಳೆಯನ್ನು ಕೀರ್ತನೆ ಪುಸ್ತಕದ ನಡುವೆ ಇಟ್ಟುಕೊಂಡು ಓದುತ್ತಿದ್ದೆ. ಹಿಂದಿನ ದಿನ ನಾಲ್ಕು ಸಲ ಓದಿದ ಹಾಳೆಯೇ ಅದು. ಐದನೆಯ ಸಲ ಕೊನೆಯ ಸಾಲು ಕಣ್ಣಿಗೆ ಬಿತ್ತು: ಈ ನಿರ್ಬಂಧ ಒಂದು ಪ್ರೋಗ್ರಾಮಿನಿಂದ ಕವಲೊಡೆದ ಮರಿಗೆ, ಅಂದರೆ ಅದರ ನಕಲಿಗೆ, ಇಳಿದು ಬರುತ್ತದೆ, ಆದರೆ ಆ ಮರಿ ಬೇರೆ ಪ್ರೋಗ್ರಾಮಾಗಿ ಎದ್ದ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಅಂದರೆ ನಾನು ಮೊದಲೇ ಹಾಕಿದ ತಡೆ ಜೋಳದ ಪ್ರೋಗ್ರಾಮು ಏಳುವಷ್ಟರಲ್ಲಿ ಇಲ್ಲವಾಗುತ್ತಿತ್ತು. ಅದೂ ನ್ಯಾಯವೇ. ಏನೂ ಅರಿಯದ ಹೊಸ ಪ್ರೋಗ್ರಾಮು ಎದ್ದ ಕೂಡಲೇ ತಡೆಗೆ ಡಿಕ್ಕಿ ಹೊಡೆದು ಸಾಯಬಾರದಲ್ಲ. ನಮ್ಮ ಕಾಲದಲ್ಲಿ ಮಿತಿಗಳನ್ನೆಲ್ಲ ಮೊದಲು ಹಾಕಿ ಆಮೇಲೆ ಕೆಲಸಕ್ಕೆ ಹಚ್ಚುತ್ತಿದ್ದೆವು, ಅವು ಜೊತೆಗೇ ಹೋಗುತ್ತಿದ್ದವು. ಮೂವತ್ತು ವರ್ಷದ ಆ ರೂಢಿ ನನ್ನ ಒಂದು ಇಡೀ ದಿನವನ್ನು ತಿಂದಿತ್ತು. ಇಲ್ಲಿ ಮಾಡಬೇಕಾದದ್ದು ಬೇರೆ: ಜೋಳದ ಪ್ರೋಗ್ರಾಮನ್ನು ಮೊದಲು ಎಬ್ಬಿಸಿ, ಅದು ಒಂದು ಹೆಜ್ಜೆಯನ್ನೂ ಇಡುವ ಮುಂಚೆ ಹೊಸ್ತಿಲಲ್ಲೇ ಹಿಡಿದು ನಿಲ್ಲಿಸಿ, ಆಗ ನಿರ್ಬಂಧ ಹಾಕಿ, ಆಮೇಲೆ ಬಿಡಬೇಕು.

ಕೊನೆಯ ಕೀರ್ತನೆಗೆ ನಿಲ್ಲದೆ ಹೊರಗೆ ಬಂದು ಆಕೆಗೂ ಗೈಡಿಗೂ ಫೋನು ಮಾಡಿದೆ. ಗೈಡ್ ಕೀಲಿಕೈ ಹಿಡಿದುಕೊಂಡು ರಾಯಾಪುರದಿಂದ ಸ್ಕೂಟರ್ ಮೇಲೆ ಬಂದರು.

“ಎಣ್ಣಿಗಾಯಿ ಬಿಟ್ಟು ಬಂದೇನ್ರಿ ಮೇಡಂರ. ಬಿಸಿ ರೊಟ್ಟಿ ಬಿಟ್ಟು ಬಂದೇನಿ. ಇವತ್ತರ ಆಗಲೇಬೇಕು.”

ಮೂರು ಗಂಟೆಯ ಹೊತ್ತಿಗೆ ಆಯಿತು. ಜೋಳದ ಪ್ರೋಗ್ರಾಮು ಪ್ರಶ್ನೆ ಕೇಳಿತು, ತಡೆದು ನಿಂತಿತು. ನನ್ನ ಕಾವಲಿನ ಪ್ರೋಗ್ರಾಮು ಪ್ರೊಸೆಸರಿನ ನಿಜವಾದ ಉತ್ತರ ತೆಗೆದುಕೊಂಡು, ಅದರಿಂದ ಆ ಹೊಸ ವಿದ್ಯೆಗಳ ಗುರುತುಗಳನ್ನು ಅಳಿಸಿ, ಉಳಿದದ್ದನ್ನು ಕೈಗಿತ್ತಿತು. ಸ್ಕ್ರೀನಿನ ಮೇಲೆ ಟೇಬಲ್ ಇಳಿಯಿತು. ನಾಲ್ಕನೆಯ ಗುಂಪು: ಸೊಸಿಜೋಳ. ಹಳೆಯ ಹಾಳೆಯ ಜೊತೆ ಕೊನೆಯ ಅಂಕಿಯವರೆಗೂ ಹೊಂದಿಕೆಯಾಯಿತು.

ಆಕೆ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಲ್ಲೇ ಅಳತೊಡಗಿದಳು. ಗೈಡ್ ಎರಡೂ ಕೈ ಮೇಲೆತ್ತಿ, “ಮುಗೀತಲ್ರಿ! ನಾಳೆ ಇದನ್ನ ಓಡಸ್ರಿ, ಚಾ ಕುಡೀರಿ, ಮನಿಗೆ ಹೋಗ್ರಿ. ಒಳಗ ಏನು ಮಾಡೀರಿ ಅಂತ ಅವರಿಗ್ಯಾಕ?” ಎಂದರು.

ನನಗೂ ಮೊದಲು ಹಾಗೆಯೇ ಅನಿಸಿತು. ಅದೇ ಪ್ರೋಗ್ರಾಮು, ಅದೇ ಡೇಟಾ, ಅದೇ ಟೇಬಲ್. ಎಕ್ಸಾಮಿನರ್ ಕೇಳಿದ್ದು ಅಷ್ಟೇ. ಆದರೆ ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಕಾನ್ವೆಂಟಿನ ಒಬ್ಬ ಸಿಸ್ಟರ್ ನೆನಪಾದರು. ಐದನೆಯ ಕ್ಲಾಸಿನಲ್ಲಿ ಪಕ್ಕದ ಹುಡುಗಿಯನ್ನು ಪ್ರಶ್ನೆ ಕೇಳಿದಾಗ ನಾನು ಬಾಯಿಗೆ ಕೈ ಅಡ್ಡ ಹಿಡಿದು ಉತ್ತರ ಹೇಳಿಕೊಟ್ಟಿದ್ದೆ. ಸಿಸ್ಟರ್ ಹೊಡೆಯಲಿಲ್ಲ. “ಯು ಹ್ಯಾವ್ ಟೇಕನ್ ಹರ್ ಟರ್ನ್,” ಎಂದರು, ಅಷ್ಟೇ. ಉತ್ತರ ಸರಿಯಿತ್ತು. ಆ ಹುಡುಗಿ ವರ್ಷದುದ್ದಕ್ಕೂ ನನ್ನ ಜೊತೆ ಮಾತು ಬಿಟ್ಟಳು.

ವಾಪಸ್ಸು ಬಂದು ಕುಳಿತೆ. “ಒಂದು ವಿಷಯ ಐತಿ,” ಎಂದೆ. “ಹದಿನೈದನೇ ಸ್ಥಾನದ ಒಂದು ಅಂಕಿಗೆ ಗುಂಪು ಬದಲಿ ಆಗತೈತಿ ಅಂದ್ರ, ಸೊಸಿಜೋಳ ಬ್ಯಾರೇ ಅಂತ ನಿನ್ನ ಅಳತಿ ಹೇಳಲಿಲ್ಲ. ಹಳೇ ಪ್ರೊಸೆಸರ್ ಹೇಳಿತು. ನನ್ನ ಪ್ರೋಗ್ರಾಮು ಇದನ್ನ ಅವತ್ತ ತೋರಿಸಬೇಕಿತ್ತು. ತೋರಿಸಲಿಲ್ಲ. ತಪ್ಪು ನಂದು.”

“ಮೇಡಂರ, ಈಗ್ಯಾಕ್ರಿ ಇದು?” ಗೈಡಿನ ದನಿ ಏರಿತು. “ಹುಡುಗಿ ಜೀವನದ ಪ್ರಶ್ನೆರಿ.”

“ಅದಕ್ಕ ಹೇಳಾಕತ್ತೇನಿ. ಥೀಸಿಸ್ ಅಕಿದು. ನಾ ಬಾಯಿ ಹಾಕಂಗಿಲ್ಲ. ನಾಳೆ ಏನು ತೋರಿಸಬೇಕು ಅಂತ ಅಕಿನ ಹೇಳಲಿ.”

ಆಕೆ ಕಣ್ಣೊರೆಸಿಕೊಂಡು ಎರಡೂ ಹಾಳೆ ಮಡಿಚಿ ಬ್ಯಾಗಿಗೆ ಹಾಕಿಕೊಂಡು ಹೋದಳು.

ಸೋಮವಾರ ಹಸಿರು ಇಳಕಲ್ ಸೀರೆಯುಟ್ಟು ಬಂದಿದ್ದಳು. ನಾನು ಕೋಣೆಯ ಹಿಂದಿನ ಸಾಲಿನಲ್ಲಿ ಕುಳಿತೆ. ಎಕ್ಸಾಮಿನರ್ ಸಣ್ಣ ಆಳು, ಮೆತ್ತನೆಯ ಮಾತು, ಆದರೆ ಥೀಸಿಸ್ಸಿನ ಪ್ರತಿ ಪುಟಕ್ಕೂ ಪೆನ್ಸಿಲ್ ಗುರುತು ಹಾಕಿ ತಂದಿದ್ದರು. ಒಂದು ತಾಸು ಪ್ರಶ್ನೆ ಕೇಳಿದರು. ಆಮೇಲೆ, “ಎಲ್ಲಿ ಅಮ್ಮಾ, ಆ ಟೇಬಲ್ ಓಡಿಸಿ ನೋಡೋಣ,” ಎಂದರು.

ಆಕೆ ಓಡಿಸಿದಳು. ಟೇಬಲ್ ಬಂತು. ನಾಲ್ಕನೆಯ ಗುಂಪು, ಸೊಸಿಜೋಳ. ಅವರು ಪುಟ ತೆರೆದು ಒಂದೊಂದೇ ಸಾಲಿಗೆ ಪೆನ್ಸಿಲ್ ಇಟ್ಟು ತಾಳೆ ನೋಡಿದರು. “ಸರಿಯಾಗಿದೆ. ತುಂಬಾ ಸಂತೋಷ,” ಎಂದು ಫೈಲು ಮುಚ್ಚಿದರು. ಗೈಡ್ ಬಾಗಿಲಿನತ್ತ ತಿರುಗಿ ಚಾ ತರಲು ಸನ್ನೆ ಮಾಡಿದರು.

“ಸರ್,” ಎಂದಳು ಆಕೆ. “ಇನ್ನೊಂದು ಸಲ ಓಡಸ್ತೇನ್ರಿ.”

ಗೈಡ್ ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

ಈ ಸಲ ಕಾವಲಿಲ್ಲದೆ ಓಡಿಸಿದಳು. ಸೊಸಿಜೋಳ ಮೂರನೆಯ ಗುಂಪಿಗೆ ಹೋಗಿ ಕೂತಿತು. ಎಕ್ಸಾಮಿನರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

“ಏನಮ್ಮಾ ಇದು? ಹಾಗಾದ್ರೆ ಮೊದಲನೇದು ಸುಳ್ಳಾ?”

“ಸುಳ್ಳಲ್ರಿ ಸರ್. ಹಳೇ ಮಷೀನ್ ಹಂಗ ಕೊಡ್ತಿತ್ರಿ. ಈ ಮಷೀನಿಗೆ ಬರೋದನ್ನ ಬರಂಗಿಲ್ಲ ಅಂತ ಹೇಳಿಸಿ, ಹಳೇದರಂಗ ನಡಿಸಿದ್ವಿರಿ. ಎರಡೂ ಟೇಬಲ್ ಖರೇನ ಅದಾವ್ರಿ. ನನ್ನ ಚಾಪ್ಟರಿನ ಮಾತು ಖರೇ ಇಲ್ರಿ.”

ಅವರು ಹಿಂದಕ್ಕೆ ತಿರುಗಿ ನನ್ನನ್ನು ಎಬ್ಬಿಸಿ ವಿವರ ಕೇಳಿದರು. ಹೇಳಿದೆ. ಪ್ರೋಗ್ರಾಮು ನನ್ನದು, ಲೈಬ್ರರಿ ಸೇರಿಸಿದ್ದು ನಾನು, ಪರೀಕ್ಷೆ ಮಾಡದೆ ಬಿಟ್ಟದ್ದೂ ನಾನು ಎಂದೆ. ಅವರು ಕೇಳಿಸಿಕೊಂಡು ಆಕೆಯ ಕಡೆಗೇ ತಿರುಗಿದರು.

“ನೀವು ತೋರಿಸದೇ ಇದ್ದಿದ್ರೆ ನನಗೆ ಗೊತ್ತಾಗ್ತಾನೇ ಇರ್ಲಿಲ್ಲ.”

“ಹೌದ್ರಿ.”

“ಇವತ್ತು ನಾನು ಸೈನ್ ಹಾಕಕ್ಕಾಗಲ್ಲ.”

ಚಾ ಬಂದು ಮೇಜಿನ ಮೇಲೆ ಕೆನೆಗಟ್ಟುತ್ತಿತ್ತು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ನಿಂತಿದ್ದಳು.

“ತಿಂಗಳ ಕೊನೆ ಅಂದ್ರೆ ಇನ್ನು ಹನ್ನೊಂದು ದಿನ,” ಎಂದರು ಅವರು, ಗೋಡೆಯ ಕ್ಯಾಲೆಂಡರ್ ನೋಡಿ. “ಕೊನೇ ಚಾಪ್ಟರ್ ಹೊಸದಾಗಿ ಬರೆದು ಕಳಿಸಿ. ಎರಡೂ ಟೇಬಲ್ ಅಕ್ಕಪಕ್ಕ ಇರಲಿ. ಸೊಸಿಜೋಳ ಬೇರೆ ಅಂತ ಬರೀಬೇಡಿ. ಒಂದೇ ಅಂತಾನೂ ಬರೀಬೇಡಿ, ಅದೂ ನಿಮಗೆ ಗೊತ್ತಿಲ್ಲ. ಈ ಅಳತೆ ಸಾಲದು ಅಂತ ಬರೀರಿ. ಓದಿ ಒಪ್ಪಿಗೆಯಾದ್ರೆ ಸೈನ್ ಹಾಕ್ತೀನಿ.”

ಗೈಡ್ ನಮ್ಮಿಬ್ಬರನ್ನೂ ಬಿಟ್ಟು ದಡದಡನೆ ಮೆಟ್ಟಿಲಿಳಿದು ಹೋದರು. ಆಕೆ ನನ್ನ ತೋಳು ಹಿಡಿದಿದ್ದಳು, ನನ್ನ ಆಸರೆಗೋ ತನ್ನ ಆಸರೆಗೋ ಗೊತ್ತಾಗಲಿಲ್ಲ.

ಮುಂದಿನ ಒಂಬತ್ತು ದಿನವೂ ಆಕೆ ಬೈರಿದೇವರಕೊಪ್ಪಕ್ಕೆ ಬಂದಳು. ‘ಡಿಸ್ಟಿಂಕ್ಟ್’ ಎಂಬ ಒಂದು ಶಬ್ದವನ್ನು ಮೂವತ್ತೆರಡು ಕಡೆ ಹೊಡೆದುಹಾಕಬೇಕಾಯಿತು. ಒಂದೊಂದನ್ನು ಹೊಡೆಯುವಾಗಲೂ ಸಣ್ಣಗೆ ಉಸಿರು ಬಿಡುತ್ತಿದ್ದಳು. ನಾನು ಇನ್ನೊಂದು ಕೋಣೆಯಲ್ಲಿ ನನ್ನ ಪ್ರೋಗ್ರಾಮನ್ನು ತಿದ್ದುತ್ತಿದ್ದೆ. ಈಗ ಅದು ಪ್ರತಿ ಟೇಬಲಿನ ನೆತ್ತಿಯ ಮೇಲೆ ತಾನು ಯಾವ ದಾರಿಯಲ್ಲಿ ಲೆಕ್ಕ ಮಾಡಿದೆ ಎಂದು ಬರೆಯುತ್ತದೆ. ಗುಂಪಿನ ಗಡಿಯಲ್ಲಿ ನಿಂತ ತಳಿಗೆ ಒಂದು ಚುಕ್ಕೆ ಹಾಕುತ್ತದೆ. ತಡವಾದ ಬುದ್ಧಿ.

ಹತ್ತನೆಯ ದಿನ ಚಾಪ್ಟರ್ ಎಕ್ಸಾಮಿನರಿಗೆ ಹೋಯಿತು. ತಿಂಗಳ ಕೊನೆಯ ದಿನ, ಮಧ್ಯಾಹ್ನ ಫೋನು ಬಂತು.

“ಸೈನ್ ಆತ್ರಿ ಮೇಡಂರ.”

ಆಕೆಯ ಹಿಂದೆ ಬಸ್ಸಿನ ಹಾರ್ನು ಕೇಳುತ್ತಿತ್ತು.

“ಆ ಊರಿನ ಹೆಣ್ಣಮಕ್ಕಳಿಗೆ ಏನಂತ ಹೇಳ್ಲಿರಿ? ನಿಮ್ಮ ಮಾತು ಪುಸ್ತಕದಾಗ ಬರ್ತೈತಿ ಅಂತ ಹೇಳಿ ಕಾಳು ಇಸಗೊಂಡು ಬಂದಿದ್ನಿ.”

“ಇದ್ದದ್ದು ಹೇಳು. ನಮ್ಮ ಮಷೀನಿಗೆ ತಿಳೀಲಿಲ್ಲ ಅಂತ ಹೇಳು.”

“ನಗ್ತಾರ್ರಿ ಅವರು.”

“ನಗಲಿ ಬಿಡವಾ,” ಎಂದೆ. “ನಕ್ಕೋತನ ರೊಟ್ಟಿ ಬಡದು ಕೊಡ್ತಾರ. ತಿಂದು ಬಾ.”